ಪಟ್ಟಿ ಕೊಡದ ಊರು: ಒಂದು ನಂಬಿಕೆ ನಡೆದು ಬಂದ ದಾರಿ

1942ರ ಆಗಸ್ಟ್‌ನಲ್ಲಿ, ಫ್ರಾನ್ಸಿನ ದಕ್ಷಿಣ ಭಾಗದ ಎತ್ತರದ ಪ್ರಸ್ಥಭೂಮಿಯ ಮೇಲಿರುವ ಲ ಶಾಂಬೋಂ-ಸುರ್-ಲಿನ್ಯೋಂ ಎಂಬ ಪುಟ್ಟ ಊರಿಗೆ ಪೊಲೀಸರು ಖಾಲಿ ಬಸ್ಸುಗಳನ್ನು ತಂದು ನಿಲ್ಲಿಸಿದರು. ಊರಿನಲ್ಲಿ ಆಶ್ರಯ ಪಡೆದಿರುವ ಯಹೂದಿಗಳ ಹೆಸರುಗಳ ಪಟ್ಟಿಯನ್ನು ಒಪ್ಪಿಸುವಂತೆ ಅವರು ಅಲ್ಲಿನ ಪ್ರಾಟೆಸ್ಟಂಟ್ ಸಭಾಪಾಲಕ ಆಂದ್ರೆ ತ್ರೋಕ್ಮೆಯವರನ್ನು ಕೇಳಿದರು. ತ್ರೋಕ್ಮೆ ಕೊಡಲಿಲ್ಲ. ಸುತ್ತಲಿನ ಕೃಷಿಕರ ಮನೆಗಳಲ್ಲಿ, ಅಟ್ಟಗಳಲ್ಲಿ, ಕೊಟ್ಟಿಗೆಗಳಲ್ಲಿ ದಿನಗಟ್ಟಲೆ ಹುಡುಕಿದ ಮೇಲೂ ಆ ಬಸ್ಸುಗಳು ಹೆಚ್ಚುಕಡಿಮೆ ಖಾಲಿಯಾಗಿಯೇ ಮರಳಿದವು.

ಈ ಘಟನೆಯನ್ನು ಹೇಳುವವರು ಸಾಮಾನ್ಯವಾಗಿ ಒಬ್ಬ ಧೀರ ಸಭಾಪಾಲಕನ ಕಥೆಯಾಗಿ ಹೇಳುತ್ತಾರೆ. ತ್ರೋಕ್ಮೆಯವರ ಧೈರ್ಯ ದೊಡ್ಡದು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅವರು ಈ ಊರಿಗೆ ಬಂದದ್ದು 1934ರಲ್ಲಿ. ಅವರ ಮಾತನ್ನು ಕೇಳಿ ಬಾಗಿಲು ತೆರೆದ ರೈತರು ಮತ್ತು ವಸತಿಗೃಹಗಳನ್ನು ನಡೆಸುತ್ತಿದ್ದ ಹೆಂಗಸರು ಆ ಹೊತ್ತಿಗೆ ಎರಡೂವರೆ ಶತಮಾನಗಳ ಒಂದು ಅಭ್ಯಾಸದ ವಾರಸುದಾರರಾಗಿದ್ದರು. ಆ ಅಭ್ಯಾಸ ಎಲ್ಲಿಂದ ಬಂತು ಎಂಬುದನ್ನು ತಿಳಿಯದೆ 1942ರ ಆ ಖಾಲಿ ಬಸ್ಸುಗಳು ಅರ್ಥವಾಗುವುದಿಲ್ಲ.

ಫ್ರಾನ್ಸಿನ ಪ್ರಾಟೆಸ್ಟಂಟರಾದ ಹ್ಯೂಗನಾಟರಿಗೆ 1598ರಲ್ಲಿ ನಾಲ್ಕನೆಯ ಹೆನ್ರಿ ದೊರೆ ನಾಂಟ್ ಶಾಸನದ ಮೂಲಕ ಮಿತವಾದ ಆರಾಧನಾ ಸ್ವಾತಂತ್ರ್ಯವನ್ನು ಕೊಟ್ಟಿದ್ದ. 1680ರ ದಶಕದಲ್ಲಿ ಹದಿನಾಲ್ಕನೆಯ ಲೂಯಿ ಅವರ ಮನೆಗಳಲ್ಲಿ ಸೈನಿಕರನ್ನು ಬಿಡಾರ ಹೂಡಿಸಿ, ಕ್ಯಾಥೊಲಿಕ್ ಮತಕ್ಕೆ ಸೇರುವವರೆಗೂ ಅವರ ಅನ್ನವನ್ನೂ ನೆಮ್ಮದಿಯನ್ನೂ ತಿನ್ನುವಂತೆ ಮಾಡಿದ. 1685ರ ಅಕ್ಟೋಬರ್‌ನಲ್ಲಿ ಶಾಸನವನ್ನೇ ರದ್ದುಪಡಿಸಿದ. ಸಭಾಪಾಲಕರು ಎರಡು ವಾರಗಳೊಳಗೆ ಮತ ಬದಲಿಸಬೇಕು ಇಲ್ಲವೇ ದೇಶ ಬಿಡಬೇಕಿತ್ತು. ಸಾಮಾನ್ಯ ಜನರಿಗೆ ದೇಶ ಬಿಡುವುದೂ ಅಪರಾಧವಾಗಿತ್ತು. ಓಡಿಹೋಗುವಾಗ ಸಿಕ್ಕಿಬಿದ್ದ ಗಂಡಸರನ್ನು ರಾಜನ ನೌಕೆಗಳಲ್ಲಿ ಸರಪಳಿ ಬಿಗಿದು ಹುಟ್ಟು ಹಾಕಲು ಕೂರಿಸುತ್ತಿದ್ದರು, ಹೆಂಗಸರನ್ನು ಸೆರೆಮನೆಗೆ ತಳ್ಳುತ್ತಿದ್ದರು. ಹಾಗಿದ್ದರೂ ಸುಮಾರು ಎರಡು ಲಕ್ಷ ಜನ ಗಡಿ ದಾಟಿದರು. ಈ ದಬ್ಬಾಳಿಕೆಯೂ ನಂಬಿಕೆಯ ಹೆಸರಿನಲ್ಲೇ ನಡೆಯಿತು ಎಂಬುದನ್ನು ಮರೆಯಬಾರದು. ಒಂದೇ ಧರ್ಮಗ್ರಂಥವನ್ನು ಓದುವ ಎರಡು ಪಂಗಡಗಳಲ್ಲಿ ಒಂದು ಅರಮನೆಯ ಬಲದೊಂದಿಗೆ ನಿಂತಿತ್ತು.

ಉಳಿದವರಿಗೆ ಆದ ನಷ್ಟಗಳಲ್ಲಿ ಹೊರಗಿನವರ ಕಣ್ಣಿಗೆ ಬೇಗ ಬೀಳದ ಒಂದಿತ್ತು. ಜನನ, ಮದುವೆ ಮತ್ತು ಮರಣಗಳನ್ನು ದಾಖಲಿಸುವ ಅಧಿಕಾರ ಕ್ಯಾಥೊಲಿಕ್ ಚರ್ಚಿಗೆ ಮಾತ್ರ ಇದ್ದುದರಿಂದ, ತಮ್ಮ ಪದ್ಧತಿಯಂತೆ ಗುಟ್ಟಾಗಿ ಮದುವೆಯಾದ ಪ್ರಾಟೆಸ್ಟಂಟ್ ದಂಪತಿಗಳು ಕಾನೂನಿನ ದೃಷ್ಟಿಯಲ್ಲಿ ದಂಪತಿಗಳೇ ಆಗಿರಲಿಲ್ಲ, ಅವರ ಮಕ್ಕಳು ಸಕ್ರಮ ಸಂತಾನವೂ ಆಗಿರಲಿಲ್ಲ. ಸರ್ಕಾರದ ಒಂದು ಪುಸ್ತಕದಲ್ಲಿ ಹೆಸರು ಇರುವುದು ಅಥವಾ ಇಲ್ಲದಿರುವುದು ಮನುಷ್ಯನ ಬದುಕನ್ನು ಹೇಗೆ ಹಿಂಡಬಲ್ಲದು ಎಂಬುದನ್ನು ಆ ಜನ ಒಂದು ಶತಮಾನಕ್ಕೂ ಹೆಚ್ಚು ಕಾಲ ಅನುಭವಿಸಿದರು.

ಅವರ ಮೊದಲ ಪ್ರತಿರೋಧ ಶಾಂತವಾಗಿರಲಿಲ್ಲ. 1702ರ ಜುಲೈನಲ್ಲಿ ಸೆವೆನ್ ಬೆಟ್ಟಸೀಮೆಯಲ್ಲಿ, ಬಂಧಿತರನ್ನು ಹಿಂಸಿಸುತ್ತಿದ್ದ ದು ಶೈಲಾ ಎಂಬ ಕ್ಯಾಥೊಲಿಕ್ ಗುರುವನ್ನು ಜನರು ಕೊಂದರು. ಅಲ್ಲಿಂದ ಕಮಿಸಾರ್ ಎಂದು ಕರೆಯಲಾದ ಪ್ರಾಟೆಸ್ಟಂಟ್ ಬಂಡಾಯಗಾರರ ದಂಗೆ ಆರಂಭವಾಯಿತು. ದಂಗೆಯೆದ್ದವರು ಕುರಿಗಾಹಿಗಳು, ಉಣ್ಣೆ ಹಿಂಜುವವರು, ಕೈಕಸುಬಿನವರು. ಅವರ ಪ್ರಮುಖ ನಾಯಕ ಜಾನ್ ಕವಾಲಿಯೆ ರೊಟ್ಟಿ ಸುಡುವ ಕಸುಬನ್ನು ಕಲಿಯುತ್ತಿದ್ದ ಯುವಕ. ಕೀರ್ತನೆಗಳನ್ನು ಹಾಡುತ್ತ ಕಾದಾಟಕ್ಕೆ ಇಳಿಯುತ್ತಿದ್ದ ಈ ಜನ ರಾಜನ ಸೇನೆಯನ್ನು ಎರಡು ವರ್ಷ ಕಂಗೆಡಿಸಿದ್ದು ನಿಜ. ಆದರೆ ಎರಡೂ ಕಡೆ ಕ್ರೌರ್ಯಗಳು ನಡೆದವು. ಕೊನೆಗೆ ಸೇನೆ ನೂರಾರು ಹಳ್ಳಿಗಳಿಗೆ ಬೆಂಕಿಯಿಟ್ಟಿತು.

ನನ್ನ ದೃಷ್ಟಿಯಲ್ಲಿ ಈ ಇತಿಹಾಸದ ನಿಜವಾದ ತಿರುವು ಇದರ ನಂತರ, ಯಾವ ಸದ್ದೂ ಇಲ್ಲದೆ ಬಂತು. 1715ರಲ್ಲಿ, ಇಪ್ಪತ್ತು ವರ್ಷದ ಆಸುಪಾಸಿನಲ್ಲಿದ್ದ ಆಂತ್ವಾನ್ ಕೂರ್ ಬೆರಳೆಣಿಕೆಯ ಜನರನ್ನು ಸೇರಿಸಿ, ಚದುರಿಹೋದ ಸಭೆಯನ್ನು ಶಸ್ತ್ರವಿಲ್ಲದೆ ಮತ್ತೆ ಕಟ್ಟುವ ಕೆಲಸಕ್ಕೆ ಕೈಹಾಕಿದ. ಗವಿಗಳಲ್ಲಿ, ಕಾಡಿನ ಬಯಲುಗಳಲ್ಲಿ ರಾತ್ರಿ ಹೊತ್ತು ಆರಾಧನೆಗಳು ನಡೆದವು. ಬೈಬಲಿನ ಇಸ್ರಾಯೇಲ್ಯರ ಮರುಭೂಮಿಯ ಅಲೆದಾಟವನ್ನು ನೆನೆದು ಅವರು ಆ ಕಾಲವನ್ನು 'ಮರುಭೂಮಿ' ಎಂದೇ ಕರೆದರು. ಬಿಚ್ಚಿ ಅಡಗಿಸಬಹುದಾದ ಪ್ರಸಂಗಪೀಠ, ಗುಟ್ಟಾಗಿಡಲು ಚಿಕ್ಕದಾಗಿ ಅಚ್ಚು ಹಾಕಿದ ಕೀರ್ತನೆಗಳ ಪುಸ್ತಕ, ಸಭಾಪಾಲಕನನ್ನು ರಾತ್ರೋರಾತ್ರಿ ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸುವ ದಾರಿ, ಕೇಳಿದವರಿಗೆ ಏನನ್ನೂ ಹೇಳದ ನೆರೆಹೊರೆ ಇವೆಲ್ಲ ಆ ಜನರ ದಿನಬಳಕೆಯ ಸಂಗತಿಗಳಾದವು. ಸಿಕ್ಕಿಬಿದ್ದ ಸಭಾಪಾಲಕರನ್ನು ಗಲ್ಲಿಗೇರಿಸುತ್ತಿದ್ದರು.

ಹಾಗೆ 1732ರಲ್ಲಿ ಮೊಂಪೆಲಿಯೆ ನಗರದಲ್ಲಿ ಗಲ್ಲಿಗೇರಿದವರಲ್ಲಿ ಪಿಯೆರ್ ದ್ಯುರಾಂ ಒಬ್ಬ. ಅವನ ತಂಗಿ ಮರೀ ದ್ಯುರಾಂಳನ್ನು ಅದಕ್ಕೂ ಎರಡು ವರ್ಷ ಮೊದಲೇ, ಅವಳಿಗೆ ಹತ್ತೊಂಬತ್ತು ವರ್ಷವಿದ್ದಾಗ, ಏಗ್-ಮೋರ್ತ್ ಪಟ್ಟಣದ ಕಾನ್‌ಸ್ಟಾನ್ಸ್ ಗೋಪುರದಲ್ಲಿ ಸೆರೆಯಿಟ್ಟಿದ್ದರು. ತನ್ನ ನಂಬಿಕೆಯನ್ನು ತೊರೆದೆ ಎಂದು ಒಂದು ಮಾತು ಹೇಳಿದ್ದರೆ ಅವಳು ಹೊರಗೆ ಬರಬಹುದಿತ್ತು, ಅವಳು ಹೇಳಲಿಲ್ಲ. ದಪ್ಪ ಗೋಡೆಯ ಆ ದುಂಡು ಕೋಣೆಯಲ್ಲಿ ಚಳಿಯನ್ನೂ ಜ್ವರವನ್ನೂ ಸಹಿಸುತ್ತ, ಜೊತೆಯ ಹೆಂಗಸರ ಪರವಾಗಿ ಪತ್ರಗಳನ್ನು ಬರೆಯುತ್ತ, ಹಣ ಮತ್ತು ಬಟ್ಟೆಯ ನೆರವು ಕೋರುತ್ತ 38 ವರ್ಷ ಕಳೆದಳು; 1768ರಲ್ಲಿ ಬಿಡುಗಡೆಯಾಗಿ ಹುಟ್ಟಿದ ಮನೆಗೆ ಮರಳಿದಳು. ಕೋಣೆಯ ನಡುವಿನ ಕಿಂಡಿಯ ಅಂಚುಕಲ್ಲಿನ ಮೇಲೆ 'ಎದುರು ನಿಲ್ಲು' ಎಂಬರ್ಥದ ಒಂದೇ ಒಂದು ಫ್ರೆಂಚ್ ಪದ ಕೊರೆದಿದೆ. ಅದನ್ನು ಕೊರೆದವಳು ಮರೀ ಎಂದೇ ಪರಂಪರೆ ಹೇಳುತ್ತದೆ. 'ಹೋರಾಡು' ಎಂದಾಗಲಿ 'ಸೇಡು ತೀರಿಸು' ಎಂದಾಗಲಿ ಅಲ್ಲಿ ಬರೆದಿಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ.

1787ರ ಸಹಿಷ್ಣುತಾ ಶಾಸನ ಪ್ರಾಟೆಸ್ಟಂಟರ ಹೆಸರುಗಳನ್ನು ಮತ್ತೆ ದಾಖಲೆಗೆ ಸೇರಿಸಿತು. ಎರಡು ವರ್ಷಗಳ ನಂತರದ ಕ್ರಾಂತಿ ಆರಾಧನೆಯ ಹಕ್ಕಿಗೂ ದಾರಿ ತೆರೆಯಿತು. ನೆನಪು ಮಾತ್ರ ಮಾಸಲಿಲ್ಲ. ಗೋಪುರದ ಹೆಂಗಸರ ಮತ್ತು ಕಾಡಿನ ಸಭೆಗಳ ಕಥೆಗಳನ್ನು ಲ ಶಾಂಬೋಂನಂಥ ಪ್ರಾಟೆಸ್ಟಂಟ್ ಊರುಗಳ ಮಕ್ಕಳು ಮನೆಗಳಲ್ಲಿ ಕೇಳುತ್ತ ಬೆಳೆದರು.

1940ರ ಜೂನ್ 22ರಂದು ಫ್ರಾನ್ಸ್ ಜರ್ಮನಿಯೊಂದಿಗೆ ಕದನವಿರಾಮಕ್ಕೆ ಸಹಿ ಹಾಕಿತು. ಮರುದಿನ ಭಾನುವಾರ, ಲ ಶಾಂಬೋಂನಲ್ಲಿ ತ್ರೋಕ್ಮೆ ಮತ್ತು ಅವರ ಸಹೋದ್ಯೋಗಿ ಎದುವಾರ್ ತೈಸ್, ಮನಸ್ಸಾಕ್ಷಿಯ ಮೇಲಿನ ಬಲಾತ್ಕಾರವನ್ನು ಆತ್ಮದ ಆಯುಧಗಳಿಂದ ಎದುರಿಸುವುದು ಕ್ರೈಸ್ತರ ಕರ್ತವ್ಯವೆಂದು ಸಾರಿದರು. ಜರ್ಮನಿಯೊಂದಿಗೆ ಸಹಕರಿಸುತ್ತಿದ್ದ ಫ್ರಾನ್ಸಿನ ವಿಶೀ ಸರ್ಕಾರ ಅದೇ ಅಕ್ಟೋಬರ್‌ನಲ್ಲಿ ಯಹೂದಿ-ವಿರೋಧಿ ಕಾನೂನನ್ನು ತಂದಿತು. 1942ರ ಜುಲೈನಲ್ಲಿ ಪ್ಯಾರಿಸ್‌ನಲ್ಲಿ ಎರಡೇ ದಿನಗಳಲ್ಲಿ ಸುಮಾರು 13,000 ಯಹೂದಿಗಳನ್ನು ಬಂಧಿಸಲಾಯಿತು. ಬೈಬಲಿನ ಧರ್ಮೋಪದೇಶಕಾಂಡದಲ್ಲಿ ನಿರಪರಾಧಿಯ ರಕ್ತ ಚೆಲ್ಲದಿರಲೆಂದು ಏರ್ಪಡಿಸಿದ 'ಆಶ್ರಯ ನಗರ'ಗಳ ಮಾತನ್ನು ಆ ಪ್ರಸ್ಥಭೂಮಿಯ ಜನ ಅಕ್ಷರಶಃ ಪಾಲಿಸಿದರು. ಯಹೂದಿಗಳು ದೇವರು ಆರಿಸಿಕೊಂಡ ಜನ ಎಂಬ ನಂಬಿಕೆ, ಬೈಬಲನ್ನು ದಿನವೂ ಓದುವ ಆ ರೈತರಲ್ಲಿ ಆಳವಾಗಿ ಬೇರೂರಿತ್ತು. ಕ್ಯಾಥೊಲಿಕರು, ಶಾಂತಿವಾದಿ ಕ್ರೈಸ್ತ ಪಂಗಡದವರಾದ ಕ್ವೇಕರರು, ಸ್ವಿಟ್ಜರ್ಲೆಂಡಿನ ಮಕ್ಕಳ ನೆರವು ಸಂಸ್ಥೆ, ಯಾವ ಮತಕ್ಕೂ ಸೇರದ ಅನೇಕರು, ಸ್ವತಃ ಯಹೂದಿ ಯುವಕರು ಈ ಕೆಲಸದಲ್ಲಿ ಕೈಜೋಡಿಸಿದರು. ಸುಳ್ಳು ಗುರುತುಚೀಟಿಗಳು ತಯಾರಾದವು, ಕೆಲವರನ್ನು ಸ್ವಿಟ್ಜರ್ಲೆಂಡಿನ ಗಡಿ ದಾಟಿಸಲಾಯಿತು.

ಬೆಲೆಯನ್ನೂ ತೆರಬೇಕಾಯಿತು. 1943ರ ಫೆಬ್ರುವರಿಯಲ್ಲಿ ತ್ರೋಕ್ಮೆ, ತೈಸ್ ಮತ್ತು ಶಾಲೆಯ ಮುಖ್ಯಸ್ಥ ರೊಜೆ ದಾರ್ಸಿಸಾಕ್ ಬಂಧನಕ್ಕೊಳಗಾಗಿ ಕೆಲವು ವಾರಗಳ ನಂತರ ಬಿಡುಗಡೆಯಾದರು. ಅದೇ ಜೂನ್‌ನಲ್ಲಿ ಜರ್ಮನ್ ಪೊಲೀಸರು ಒಂದು ವಿದ್ಯಾರ್ಥಿನಿಲಯಕ್ಕೆ ನುಗ್ಗಿ ವಿದ್ಯಾರ್ಥಿಗಳನ್ನೂ, ಅದರ ಮೇಲ್ವಿಚಾರಕ, ತ್ರೋಕ್ಮೆಯವರ ಬಂಧು ದಾನಿಯೆಲ್ ತ್ರೋಕ್ಮೆಯನ್ನೂ ಹಿಡಿದೊಯ್ದರು. ದಾನಿಯೆಲ್ 1944ರಲ್ಲಿ ನಾಜಿಗಳ ಮೈದಾನೆಕ್ ಸೆರೆಶಿಬಿರದಲ್ಲಿ ಸತ್ತರು. ಊರಿನ ವೈದ್ಯ ರೊಜೆ ಲ ಫೊರೆಸ್ತಿಯೆಯವರನ್ನು ಅದೇ ಆಗಸ್ಟ್‌ನಲ್ಲಿ ಗುಂಡಿಟ್ಟು ಕೊಂದರು.

1990ರಲ್ಲಿ ಯಹೂದಿ ಹತ್ಯಾಕಾಂಡದ ಸ್ಮಾರಕವಾದ ಇಸ್ರೇಲಿನ ಯಾದ್ ವಶೇಮ್ ಸಂಸ್ಥೆ ಲ ಶಾಂಬೋಂ ಮತ್ತು ಸುತ್ತಲಿನ ಊರುಗಳ ಜನರನ್ನು ಒಟ್ಟಾಗಿ ಗೌರವಿಸಿತು. ಅಲ್ಲಿ ಆಶ್ರಯ ಪಡೆದವರ ಸಂಖ್ಯೆಯನ್ನು ಬಹುಕಾಲ 5,000 ಎಂದು ಹೇಳಲಾಗುತ್ತಿತ್ತು. ಇತಿಹಾಸಕಾರರಲ್ಲಿ ಈ ಬಗ್ಗೆ ಒಮ್ಮತವಿಲ್ಲ. ಗುಟ್ಟಾಗಿ ನಡೆದ ಕೆಲಸದ ಲೆಕ್ಕವನ್ನು ಯಾರೂ ಬರೆದಿಡಲಿಲ್ಲ. ಪೊಲೀಸರ ಕೈಗೆ ಸಿಗಬಾರದಾಗಿದ್ದ ಆ ಪಟ್ಟಿ ಇತಿಹಾಸಕಾರರ ಕೈಗೂ ಸಿಕ್ಕಿಲ್ಲ.