ಅದಿರು ಕರೆತಂದ ಜನ, ಅದಿರು ಮುಗಿದ ಮೇಲಿನ ಊರು: ಬಲ್ಗೇರಿಯದ ಚಿಪ್ರೊವ್ಟ್ಸಿ

ಬಲ್ಗೇರಿಯದ ವಾಯವ್ಯ ಮೂಲೆಯಲ್ಲಿ, ಸರ್ಬಿಯದ ಗಡಿಗೆ ತಾಗಿಕೊಂಡಿರುವ ಚಿಪ್ರೊವ್ಟ್ಸಿ ಪುರಸಭೆಯ ವಿಸ್ತೀರ್ಣ ಸುಮಾರು 287 ಚದರ ಕಿಲೋಮೀಟರ್. ಆ ದೇಶದಲ್ಲಿ ಪುರಸಭೆಯೆಂದರೆ ಬರಿಯ ಪಟ್ಟಣವಲ್ಲ. ಇಲ್ಲಿ ಒಂದು ಪುಟ್ಟ ಪಟ್ಟಣವೂ ಒಂಬತ್ತು ಹಳ್ಳಿಗಳೂ ಒಂದೇ ಆಡಳಿತಕ್ಕೆ ಸೇರಿವೆ. ಸ್ತಾರಾ ಪ್ಲಾನಿನಾ ಪರ್ವತಶ್ರೇಣಿಯ ಪಶ್ಚಿಮ ಭಾಗ ಗಡಿಯುದ್ದಕ್ಕೂ ಎದ್ದು ನಿಂತಿದೆ. ಅದರ ಇಳಿಜಾರಿನಲ್ಲಿ ಹುಟ್ಟುವ ಒಗೊಸ್ತಾ ನದಿ ಸುಮಾರು 144 ಕಿ.ಮೀ. ಹರಿದು ಡ್ಯಾನ್ಯೂಬ್ ನದಿಯನ್ನು ಸೇರುತ್ತದೆ. ಕಾಡು ಮತ್ತು ಹುಲ್ಲುಗಾವಲು ಧಾರಾಳವಾಗಿದ್ದು, ಉಳಲು ಯೋಗ್ಯವಾದ ಸಮತಟ್ಟು ನೆಲ ಕಡಿಮೆ.

ಇಂಥ ಕಡೆ ಜನ ನೆಲೆಸಿದ್ದಕ್ಕೆ ಮುಖ್ಯ ಕಾರಣ ಬೆಟ್ಟದ ಒಡಲಲ್ಲಿದ್ದ ಬೆಳ್ಳಿ, ಸೀಸ ಮತ್ತು ಕಬ್ಬಿಣದ ಅದಿರು. ಮಧ್ಯಯುಗದಲ್ಲಿ ಸ್ಯಾಕ್ಸನ್ ಗಣಿಗಾರರು ಇಲ್ಲಿಗೆ ಬಂದರು. ಅವರೊಂದಿಗೆ ಬಂದ ಕ್ಯಾಥೊಲಿಕ್ ಧರ್ಮ ಬೇರೂರಿತು. 1688ರಲ್ಲಿ ಊರಿನವರು ಆಟೊಮನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದಾಗ ಊರು ನಾಶವಾಯಿತು. ಬದುಕುಳಿದ ಅನೇಕರು ಡ್ಯಾನ್ಯೂಬ್ ದಾಟಿ ಹೋದರು. ಅವರ ಸಂತತಿ ಇಂದಿಗೂ ರುಮೇನಿಯ ಮತ್ತು ಸರ್ಬಿಯಗಳ ಬಾನಾತ್ ಪ್ರದೇಶದಲ್ಲಿದೆ. ಬರಿದಾದ ಚಿಪ್ರೊವ್ಟ್ಸಿಯಲ್ಲಿ ಕೆಲವು ದಶಕಗಳ ನಂತರ ಆರ್ಥೊಡಾಕ್ಸ್ ಕ್ರೈಸ್ತರು ಬಂದು ನೆಲೆಸಿದರು. ಹುಲ್ಲುಗಾವಲಿನ ಕುರಿಗಳ ಉಣ್ಣೆ ನೇಯ್ಗೆಗೆ ಆಧಾರವಾಯಿತು. ಇಲ್ಲಿನ ಹೆಂಗಸರು ಲಂಬವಾಗಿ ನಿಲ್ಲಿಸಿದ ಮಗ್ಗದ ಮುಂದೆ ಕುಳಿತು ನೇಯುವ ಜಮಖಾನೆಗೆ ಎದ್ದ ನೂಲಿನ ಕುಚ್ಚು ಇರುವುದಿಲ್ಲ. ತಿರುಗಿಸಿ ಹಾಸಿದರೂ ಅದೇ ಚಿತ್ತಾರ ಕಾಣುತ್ತದೆ.

ಆಧುನಿಕ ಗಣಿಗಾರಿಕೆ ನಡೆದದ್ದು 1951ರಿಂದ 1999ರವರೆಗೆ. ಅದು ಸಂಬಳ ಕೊಟ್ಟಿತು, ಜೊತೆಗೆ ವಿಷವನ್ನೂ ಬಿಟ್ಟುಹೋಯಿತು. 1964ರಲ್ಲಿ ಅದಿರಿನ ತ್ಯಾಜ್ಯವನ್ನು ಹಿಡಿದಿಟ್ಟಿದ್ದ ಕಟ್ಟೆಯೊಡೆದು, ಆರ್ಸೆನಿಕ್ ಮತ್ತು ಸೀಸ ಬೆರೆತ ಕೆಸರು ಒಗೊಸ್ತಾ ಕಣಿವೆಗೆ ನುಗ್ಗಿತು. ಆರ್ಸೆನಿಕ್ ಒಂದು ಮೂಲಧಾತುವಾದ್ದರಿಂದ ಕೀಟನಾಶಕದಂತೆ ಕಾಲಕ್ರಮದಲ್ಲಿ ಕೊಳೆತು ಇಲ್ಲವಾಗುವುದಿಲ್ಲ. ಮಣ್ಣಿನ ಕಬ್ಬಿಣದ ಆಕ್ಸೈಡ್‌ಗಳಿಗೆ ಅಂಟಿಕೊಂಡು ಕೂರುತ್ತದೆ, ನೆರೆ ಬಂದಾಗ ಹೂಳಿನೊಂದಿಗೆ ಮತ್ತೆ ಕೆಳಗೆ ಸಾಗುತ್ತದೆ. ಮೇವಿಗೂ ತರಕಾರಿಗೂ ಒದಗಬೇಕಾದ ನದೀದಡದ ಫಲವತ್ತಾದ ನೆಲವೇ ಹೀಗೆ ಕೆಟ್ಟಿತೆಂಬುದು ನನ್ನ ದೃಷ್ಟಿಯಲ್ಲಿ ಈ ಕಣಿವೆಗೆ ಆದ ಅತಿ ದೊಡ್ಡ ಅನ್ಯಾಯ.

ಗಣಿ ಮುಚ್ಚಿದ ಮೇಲೆ ದುಡಿಯುವ ವಯಸ್ಸಿನವರಿಗೆ ಉಳಿದ ದಾರಿ ವಲಸೆ. ಸೋಫಿಯಾಕ್ಕೆ ಹೋಗುವವರ ಜೊತೆಗೆ, 2007ರಲ್ಲಿ ದೇಶವು ಯುರೋಪಿಯನ್ ಒಕ್ಕೂಟ ಸೇರಿದ ನಂತರ ಪಶ್ಚಿಮ ಯುರೋಪಿಗೆ ಹೋಗುವವರ ಹಾದಿಯೂ ಸುಗಮವಾಯಿತು. ಚಿಪ್ರೊವ್ಟ್ಸಿ ಸೇರಿರುವ ಮೊಂಟಾನ ಪ್ರಾಂತ್ಯದ ಜನಸಂಖ್ಯೆ 2011ರ ಜನಗಣತಿಯಲ್ಲಿ ಸುಮಾರು 1 ಲಕ್ಷ 48 ಸಾವಿರ ಇತ್ತು. 2021ಕ್ಕೆ ಸುಮಾರು 1 ಲಕ್ಷ 20 ಸಾವಿರಕ್ಕೆ ಇಳಿಯಿತು. ಇಲ್ಲಿನ ಹಳ್ಳಿಗಳಲ್ಲಿ ನಡೆದರೆ ಗೇಟುಗಳ ಮೇಲೆ, ಕಂಬಗಳ ಮೇಲೆ ಭಾವಚಿತ್ರವಿರುವ ಕಾಗದಗಳು ಕಾಣುತ್ತವೆ. ಸತ್ತವರ ನೆನಪಿಗೆ ನಲವತ್ತನೆಯ ದಿನ, ಆರು ತಿಂಗಳು, ಒಂದು ವರ್ಷ ಎಂದು ಮನೆಯವರು ಹೊಸದಾಗಿ ಅಂಟಿಸುತ್ತಲೇ ಇರುತ್ತಾರೆ.

ಈ ಇಳಿಕೆಗೆ ವಲಸೆಯೊಂದೇ ಕಾರಣವೆಂದು ತಿಳಿದರೆ ಲೆಕ್ಕ ತಪ್ಪುತ್ತದೆ. ಊರು ಬಿಟ್ಟ ಯುವತಿಯೊಂದಿಗೆ ಅವಳಿಗೆ ಮುಂದೆ ಹುಟ್ಟಬೇಕಾದ ಮಕ್ಕಳೂ ಊರಿನ ಲೆಕ್ಕದಿಂದ ಹೊರಗುಳಿಯುತ್ತವೆ. ಉಳಿದವರಲ್ಲಿ ಹಿರಿಯರೇ ಹೆಚ್ಚಾದಾಗ ಪ್ರತಿವರ್ಷ ಹುಟ್ಟಿಗಿಂತ ಸಾವು ಬಹಳ ಮುಂದಿರುತ್ತದೆ. ಆದ್ದರಿಂದ ನಾಳೆಯೇ ವಲಸೆ ಪೂರ್ತಿ ನಿಂತರೂ, ಉಳಿದಿರುವ ಪ್ರತಿ ಹೆಣ್ಣೂ ಇಬ್ಬರು ಮಕ್ಕಳನ್ನು ಹೆತ್ತರೂ, ಜನಸಂಖ್ಯೆ ದಶಕಗಳ ಕಾಲ ಕುಗ್ಗುತ್ತಲೇ ಹೋಗುತ್ತದೆ. ಶಾಲೆ, ಆಸ್ಪತ್ರೆ, ಬಸ್ಸುಗಳನ್ನು ಯೋಜಿಸುವವರು ಒಟ್ಟು ಜನರ ಸಂಖ್ಯೆಗಿಂತ ಮೊದಲು ಇಪ್ಪತ್ತರಿಂದ ನಲವತ್ತರ ನಡುವಿನ ಹೆಂಗಸರು ಎಷ್ಟು ಮಂದಿ ಎಂದು ಕೇಳಬೇಕು. ಯುನೆಸ್ಕೊ 2014ರಲ್ಲಿ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ ಚಿಪ್ರೊವ್ಟ್ಸಿ ಜಮಖಾನೆಯ ನೇಯ್ಗೆಗೂ ಇದೇ ಪ್ರಶ್ನೆ ಅನ್ವಯಿಸುತ್ತದೆ. ಆ ವಿದ್ಯೆ ಅಜ್ಜಿಯಿಂದ ತಾಯಿಗೆ, ತಾಯಿಯಿಂದ ಮಗಳಿಗೆ ಮಗ್ಗದ ಮುಂದೆಯೇ ಬರುವಂಥದು.