ಪಾತ್ರದ ನೋವು ಗೋಳಾಟವಾಗದಂತೆ ಬರೆಯುವುದು ಹೇಗೆ?

ಪ್ರಶ್ನೆ: ಕಾದಂಬರಿ ಬರೆಯುತ್ತಿದ್ದೇನೆ. ನಾಯಕನ ತಂದೆ ತೀರಿಕೊಳ್ಳುವ ಅಧ್ಯಾಯವನ್ನು ಎಷ್ಟು ತಿದ್ದಿದರೂ ಗೋಳಾಟದಂತೆ ಕೇಳಿಸುತ್ತದೆ. ಭಾವನೆ ಕಡಿಮೆ ಮಾಡಿದರೆ ವರದಿಯಂತಾಗುತ್ತದೆ. ಏನು ಮಾಡಲಿ?

ಉತ್ತರ: ಭಾವನೆ ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಅಳೆಯುತ್ತ ಕೂತರೆ ಈ ತೊಡಕು ಬಿಡುವುದಿಲ್ಲ. ಆ ಭಾವನೆಯನ್ನು ಹುಟ್ಟಿಸುವ ಸಂಗತಿ ಪುಟದ ಮೇಲೆ ಇದೆಯೇ ಎಂದು ನೋಡಿ. ವಿಭಾವ, ಅನುಭಾವ, ವ್ಯಭಿಚಾರಿ ಭಾವಗಳು ಕೂಡಿದಾಗ ರಸ (ನೋಡುಗ, ಓದುಗ ಸವಿಯುವ ಭಾವ) ಹುಟ್ಟುತ್ತದೆ ಎನ್ನುತ್ತದೆ ಭರತನ ನಾಟ್ಯಶಾಸ್ತ್ರ. ಎಂದರೆ ದುಃಖದ ಕಾರಣ, ಅದು ಮೈಯಲ್ಲಿ ಕಾಣಿಸಿಕೊಳ್ಳುವ ಬಗೆ, ನಡುವೆ ಬಂದುಹೋಗುವ ಸಣ್ಣಪುಟ್ಟ ಭಾವಗಳು. ಸಂಸ್ಕೃತ ಕಾವ್ಯಮೀಮಾಂಸಕ ಮಮ್ಮಟನಂತೂ ಕಾವ್ಯಪ್ರಕಾಶದಲ್ಲಿ ರಸ ಕೆಡಿಸುವ ದೋಷಗಳನ್ನು ಪಟ್ಟಿಮಾಡುವಾಗ, ಭಾವವನ್ನು ಅದರ ಹೆಸರು ಹಿಡಿದು ಹೇಳುವುದನ್ನೇ ಮೊದಲಿಗೆ ಇಟ್ಟಿದ್ದಾನೆ. ‘ಅವನಿಗೆ ತುಂಬಾ ದುಃಖವಾಯಿತು’ ಎಂದು ಬರೆದರೆ ಓದುಗನಿಗೆ ವಿಷಯ ತಿಳಿಯುತ್ತದೆ, ಅಷ್ಟೇ.

ಎರಡು ತುಣುಕು ನೋಡಿ. ಮೊದಲನೆಯದು:

‘ಅಪ್ಪನ ಸಾವಿನಿಂದ ಅವನ ಎದೆ ಒಡೆದು ಚೂರಾಯಿತು. ಕಣ್ಣೀರು ಧಾರೆಯಾಗಿ ಹರಿಯಿತು. ಇನ್ನು ತನಗೆ ಯಾರಿದ್ದಾರೆ ಎಂದು ಮನಸ್ಸು ರೋದಿಸಿತು.’

ಎರಡನೆಯದು:

‘ಆಸ್ಪತ್ರೆಯವರು ಒಂದು ಕವರು ಕೊಟ್ಟರು. ಕನ್ನಡಕ, ಹಲ್ಲಿನ ಸೆಟ್ಟು, ವಾಚು. ನೋಡಿಕೊಂಡು ಸಹಿ ಹಾಕಿ ಎಂದರು. ವಾಚು ಏಳು ನಿಮಿಷ ಮುಂದಿತ್ತು. ಅಪ್ಪ ಬೇಕೆಂದೇ ಹಾಗೆ ಇಟ್ಟುಕೊಳ್ಳುತ್ತಿದ್ದರು. ಸರಿಮಾಡಲು ಕೀಲಿಗೆ ಬೆರಳಿಟ್ಟವನು ಹಾಗೇ ಬಿಟ್ಟ. ಎಲ್ಲಿ ಸಹಿ ಹಾಕಬೇಕು ಎಂದು ಇನ್ನೊಮ್ಮೆ ಕೇಳಿದ.’

ಎರಡನೆಯದರಲ್ಲಿ ದುಃಖದ ಹೆಸರೇ ಇಲ್ಲ. ಹಾಗೆಂದು ಅದು ವರದಿಯೂ ಅಲ್ಲ. ಕನ್ನಡಕ, ಹಲ್ಲಿನ ಸೆಟ್ಟನ್ನು ಯಾರಾದರೂ ನೋಡಿ ಬರೆದುಕೊಳ್ಳಬಹುದಿತ್ತು. ಏಳು ನಿಮಿಷದ ಗುಟ್ಟು ಮಾತ್ರ ಮಗನಿಗಷ್ಟೇ ಗೊತ್ತು. ನಿಮ್ಮ ಬರಹ ವರದಿಯಂತಾಗುತ್ತಿದ್ದರೆ ಇಂಥ ವಿವರದ ಕೊರತೆಯಿದೆ ಎಂದೇ ತಿಳಿಯಿರಿ. ಸನ್ನಿವೇಶಕ್ಕೆ ಅಂಥದ್ದು ಒಂದು ಸಾಕು, ಮೂರು ತುಂಬಿದರೆ ಲೇಖಕನ ಕೈವಾಡ ಕಾಣತೊಡಗುತ್ತದೆ. ಇನ್ನೊಂದು ಸಾಮಾನ್ಯ ತಪ್ಪು, ಇಷ್ಟೆಲ್ಲ ಚೆನ್ನಾಗಿ ಬರೆದು ಕೊನೆಗೆ ‘ಅವನ ಕಣ್ಣು ತುಂಬಿ ಬಂತು’ ಎಂದು ಸೇರಿಸುವುದು. ಆ ವಾಕ್ಯ ಬಂದ ಕೂಡಲೇ ಓದುಗ ಮಾಡಬೇಕಾಗಿದ್ದ ಕೆಲಸವನ್ನು ನಿರೂಪಕ ಕಸಿದುಕೊಂಡಂತಾಗುತ್ತದೆ.

ಹೊಸ ಬರಹಗಾರರು ಹೆಚ್ಚು ಕಡೆಗಣಿಸುವುದು ವ್ಯಭಿಚಾರಿ ಭಾವಗಳನ್ನು. ಭರತ ಇವನ್ನು 33 ಎಂದು ಎಣಿಸುತ್ತಾನೆ. ಆಲಸ್ಯ, ಅಸೂಯೆ, ಚಿಂತೆ, ನಿದ್ದೆಯೂ ಅದರಲ್ಲಿವೆ. ಸಾವಿನ ಮನೆಯಲ್ಲೂ ಹಸಿವಾಗುತ್ತದೆ, ತೂಕಡಿಕೆ ಬರುತ್ತದೆ, ಯಾರೋ ಚಪ್ಪಲಿ ಅದಲುಬದಲು ಮಾಡಿಕೊಂಡರೆಂದು ಸಿಟ್ಟೂ ಬರುತ್ತದೆ. ನೊಂದವನನ್ನು ಬರೀ ಒಳ್ಳೆಯವನನ್ನಾಗಿ ಚಿತ್ರಿಸಿದರೆ ಅವನು ನಂಬಿಕೆಗೆ ದೂರವಾಗುತ್ತಾನೆ. ಒಂದೇ ಅಧ್ಯಾಯದಲ್ಲಿ ಸಾವು, ಸಾಲ, ಕಾಯಿಲೆ ಮೂರನ್ನೂ ಹೇರಿದರೂ ಅಷ್ಟೇ.

ವ್ಯಂಗ್ಯಕ್ಕೆ ದಾರಿ ತೆರೆಯುವುದು ಇಲ್ಲಿಯೇ. ಒಬ್ಬನಿಗೆ ಲೋಕವೇ ನಿಂತುಹೋಗಿರುವಾಗ ಪಕ್ಕದವನಿಗೆ ಅದು ಎಂದಿನ ದಿನ. ಟಾಲ್‌ಸ್ಟಾಯ್ 1886ರಲ್ಲಿ ಪ್ರಕಟಿಸಿದ ‘ಇವಾನ್ ಇಲಿಚ್‌ನ ಸಾವು’ ನೀಳ್ಗತೆಯ ಮೊದಲ ಅಧ್ಯಾಯವನ್ನು ಇದಕ್ಕಾಗಿಯೇ ಓದಬೇಕು. ಸಾವಿನ ಸುದ್ದಿ ಕಿವಿಗೆ ಬಿದ್ದ ಸಹೋದ್ಯೋಗಿಗಳ ಮನಸ್ಸು ಬಡ್ತಿ, ವರ್ಗಾವಣೆಗಳತ್ತ ಓಡುತ್ತದೆ. ಸಂತಾಪ ಹೇಳಲು ಬಂದ ಗೆಳೆಯ ಕೂತ ಪೀಠದ ಸ್ಪ್ರಿಂಗು ಕೆಟ್ಟಿದೆ, ವಿಧವೆ ಅಳುತ್ತಿದ್ದಂತೆ ಅದು ಅವನನ್ನು ಎತ್ತಿ ಹಾಕುತ್ತಿದೆ. ವಿಧವೆಗೋ ಸರ್ಕಾರದಿಂದ ಹಣ ಎಷ್ಟು ಬರುತ್ತದೆಂಬುದು ಗೊತ್ತಾಗಬೇಕು. ಇಷ್ಟಾದರೂ ಸತ್ತವನ ನೋವು ಎಲ್ಲೂ ನಗೆಪಾಟಲಾಗುವುದಿಲ್ಲ. ಈ ಎಚ್ಚರ ತಪ್ಪಿ ನಿರೂಪಕ ತನ್ನ ಜಾಣತನ ತೋರಿಸಹೊರಟರೆ ವ್ಯಂಗ್ಯ ಕುಹಕವಾಗುತ್ತದೆ. ವ್ಯಂಗ್ಯ ಬೇಕೆಂದರೆ, ಪಾತ್ರಕ್ಕೆ ತಿಳಿಯದ ಒಂದು ಸಂಗತಿಯನ್ನು ಓದುಗನಿಗೆ ಒಂದೆರಡು ಅಧ್ಯಾಯ ಮೊದಲೇ, ಒತ್ತಿ ಹೇಳದೆ, ತಿಳಿಸಿಡಿ. ಉಳಿದದ್ದನ್ನು ಸನ್ನಿವೇಶ ನೋಡಿಕೊಳ್ಳುತ್ತದೆ.

ರಷ್ಯದ ಕತೆಗಾರ ಚೆಕಾಫ್ 1892ರಲ್ಲಿ ಲಿಡಿಯಾ ಅವಿಲೋವಾ ಎಂಬ ಲೇಖಕಿಗೆ ಬರೆದ ಪತ್ರದಲ್ಲಿ, ನತದೃಷ್ಟರ ಬಗ್ಗೆ ಮರುಕ ಹುಟ್ಟಿಸಬೇಕಾದರೆ ನೀವು ತಣ್ಣಗಿರಿ, ಆ ಹಿನ್ನೆಲೆಯಲ್ಲೇ ಅವರ ದುಃಖ ಎದ್ದು ಕಾಣುತ್ತದೆ ಎಂಬ ಅರ್ಥದ ಸಲಹೆ ಇದೆ. ಇದನ್ನು ನಿರ್ಲಿಪ್ತತೆ ಎಂದು ತಿಳಿಯುವವರಿದ್ದಾರೆ. ಪಾತ್ರದ ಮೇಲೆ ಅಕ್ಕರೆಯಿಲ್ಲದವನಿಗೆ ವಾಚಿನ ಏಳು ನಿಮಿಷ ಹೊಳೆಯುವುದೇ ಇಲ್ಲ. ತಣ್ಣಗಿರಬೇಕಾದದ್ದು ವಾಕ್ಯ.

ಇನ್ನು ಸುಖದ ಮಾತು. ನಿಮ್ಮ ಸಾವಿನ ಅಧ್ಯಾಯ ಕೂರದಿರಲು ಕಾರಣ ಆ ಅಧ್ಯಾಯದಲ್ಲಿ ಇಲ್ಲದೆಯೂ ಇರಬಹುದು. ವಿಪ್ರಲಂಭದಲ್ಲಿ (ಅಗಲಿದ ಪ್ರೇಮಿಗಳ ವಿರಹದಲ್ಲಿ) ಮತ್ತೆ ಕೂಡುವ ನಿರೀಕ್ಷೆಯಿದೆ, ಶೋಕದಿಂದ ಹುಟ್ಟುವ ಕರುಣ ರಸದಲ್ಲಿ ಅದಿಲ್ಲ ಎಂದು ಭರತ ಅವೆರಡನ್ನೂ ಬೇರ್ಪಡಿಸುತ್ತಾನೆ. ಇನ್ನು ಬಾರದು ಎಂಬ ಮಾತು ತಟ್ಟಬೇಕಾದರೆ, ಇದ್ದದ್ದು ಏನೆಂದು ಓದುಗ ಕಂಡಿರಬೇಕಲ್ಲ? ತಂದೆ ಮಗ ಸುಖವಾಗಿದ್ದ ಒಂದು ಸನ್ನಿವೇಶ ಬರೆಯಿರಿ, ಸಾವಿಗೆ ತೀರ ಹತ್ತಿರ ಇಡಬೇಡಿ. ಹತ್ತಿರವಿಟ್ಟರೆ ಮುಂದಾಗುವುದನ್ನು ಓದುಗ ಊಹಿಸಿಬಿಡುತ್ತಾನೆ. ಸುಖವನ್ನು ಬರೆಯುವುದು ದುಃಖಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಏನೂ ನಡೆಯುವುದಿಲ್ಲ. ಹಾಗಾಗಿ ಅದಕ್ಕೊಂದು ಕೆಲಸ ಕೊಡಿ, ಒಂದು ಸಣ್ಣ ಅಡ್ಡಿ ಕೊಡಿ. ಟಾಲ್‌ಸ್ಟಾಯ್‌ನದೇ ಕಾದಂಬರಿ ‘ಅನ್ನಾ ಕರೆನಿನಾ’ದಲ್ಲಿ ಲೆವಿನ್‌ ಎಂಬ ಪಾತ್ರದ ಮದುವೆಯ ದಿನ ತೊಡಬೇಕಾದ ಅಂಗಿ ಸಾಮಾನಿನ ಜೊತೆ ಹೋಗಿಬಿಟ್ಟಿರುತ್ತದೆ. ಇಗರ್ಜಿಯಲ್ಲಿ ಎಲ್ಲರೂ ಕಾಯುತ್ತಿದ್ದಾರೆ, ಇವನು ಕೋಣೆಯಲ್ಲಿ ಚಡಪಡಿಸುತ್ತಿದ್ದಾನೆ. ಅವನ ಸಂತೋಷ ಆ ಪರದಾಟದಲ್ಲೇ ಕಾಣುತ್ತದೆ.

ಬರೆಯುತ್ತಿರುವುದು ಸ್ವಂತ ನೋವಾದರೆ ಟಿಪ್ಪಣಿ, ಕರಡು ಎರಡನ್ನೂ ಬೇರೆಯಾಗಿಡಿ. ವಾಸನೆ, ಹೊತ್ತು, ಆಡಿದ ಮಾತುಗಳನ್ನು ಕೂಡಲೇ ಬರೆದುಕೊಳ್ಳಿ, ಅವು ಬೇಗ ಮರೆಯುತ್ತವೆ. ಸನ್ನಿವೇಶ ಕಟ್ಟಲು ಮಾತ್ರ ಅವಸರ ಬೇಡ. ಬೇರೆಯವರ ನೋವಾದರೆ ‘ನಿಮಗೆ ಹೇಗನಿಸಿತು’ ಎಂದು ಕೇಳಬೇಡಿ. ಬಾಗಿಲು ತೆರೆದವರು ಯಾರು, ಆಮೇಲೆ ಏನು ಮಾಡಿದಿರಿ ಎಂದು ಕೇಳಿ. ಹೇಳುವವರಿಗೂ ಅದು ಹಗುರ.

ತಿದ್ದುವಾಗ ಕರಡನ್ನು ಕೆಲವು ವಾರ ಬದಿಗಿಡಿ. ಮತ್ತೆ ಕೈಗೆತ್ತಿಕೊಂಡಾಗ ದುಃಖ, ವೇದನೆ, ಸಂಕಟ, ಕಣ್ಣೀರು, ಎದೆ, ಮನಸ್ಸು ಎಂಬ ಮಾತುಗಳಿಗೆಲ್ಲ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಆ ವಾಕ್ಯಗಳನ್ನು ಬಿಟ್ಟು ಜೋರಾಗಿ ಓದಿ. ಪ್ರತಿ ಸನ್ನಿವೇಶದ ಕೊನೆಯ ವಾಕ್ಯವನ್ನೂ ಬಿಟ್ಟು ನೋಡಿ, ವ್ಯಾಖ್ಯಾನ ಅಡಗಿ ಕೂರುವುದು ಹೆಚ್ಚಾಗಿ ಅಲ್ಲೇ. ಸನ್ನಿವೇಶ ಹಾಗೂ ನಿಂತರೆ ಗೆರೆ ಎಳೆದದ್ದನ್ನು ಅಳಿಸಿಬಿಡಿ. ಕುಸಿದರೆ ತೆಗೆದದ್ದನ್ನು ಮರಳಿ ಸೇರಿಸಬೇಡಿ: ಅಲ್ಲಿ ವಿಭಾವವೇ, ದುಃಖದ ಕಾರಣವೇ, ಇರಲಿಲ್ಲ ಎಂದರ್ಥ. ಆ ಹೊತ್ತಿನಲ್ಲಿ ಪಾತ್ರದ ಕೈ ಏನು ಮಾಡುತ್ತಿತ್ತು ಎಂಬಲ್ಲಿಂದ ಹೊಸದಾಗಿ ಶುರುಮಾಡಿ.