ಒಂದೇ ಫೋಲ್ಡರ್, ನಾಲ್ಕು ದಾರಿ: ವಿಂಡೋಸ್ ಮತ್ತು ಡಾಕರ್ ನಡುವಿನ ಹಳೆಯ ತೊಡಕು

ವಿಂಡೋಸ್‌ನಲ್ಲಿರುವ ಕೋಡ್ ಫೋಲ್ಡರನ್ನು ಡಾಕರ್ ಕಂಟೇನರಿಗೆ (ಪ್ರೋಗ್ರಾಮನ್ನು ಪ್ರತ್ಯೇಕವಾಗಿ ಓಡಿಸುವ ಪೆಟ್ಟಿಗೆಯಂಥದ್ದು) ಮೌಂಟ್ ಮಾಡುತ್ತೀರಿ, ಅಂದರೆ ಅದರೊಳಗಿಂದಲೂ ಕಾಣುವಂತೆ ಜೋಡಿಸುತ್ತೀರಿ. ಎರರ್ ಏನೂ ಬರುವುದಿಲ್ಲ. ಒಳಗೆ ಹೋಗಿ ನೋಡಿದರೆ ಫೋಲ್ಡರ್ ಇದೆ, ಅದರಲ್ಲಿ ಒಂದು ಫೈಲೂ ಇಲ್ಲ. ಬಲ್ಲವರನ್ನು ಕೇಳಿದರೆ ಒಬ್ಬರು ಪಾಸ್‌ವರ್ಡ್ ಮತ್ತೆ ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಫೈರ್‌ವಾಲ್ ನೋಡಿ ಎನ್ನುತ್ತಾರೆ, ಮತ್ತೊಬ್ಬರು ಪ್ರಾಜೆಕ್ಟನ್ನು ಸಿ ಡ್ರೈವಿನ ಯೂಸರ್ಸ್ ಫೋಲ್ಡರಿಗೆ ಸಾಗಿಸಿ ಎನ್ನುತ್ತಾರೆ. ಮೂವರೂ ಅನುಭವದಿಂದಲೇ ಹೇಳುತ್ತಿದ್ದಾರೆ, ಆದರೆ ಅವು ಬೇರೆ ಬೇರೆ ಕಾಲದ ಅನುಭವಗಳು. ಈ ಹಂಚಿಕೆಗೆ ಇದುವರೆಗೆ ಮುಖ್ಯವಾಗಿ ನಾಲ್ಕು ದಾರಿಗಳು ಬಂದಿವೆ. ನಿಮ್ಮ ಕಂಪ್ಯೂಟರಿನಲ್ಲಿರುವುದು ಯಾವುದು ಎಂದು ತಿಳಿಯದೆ ಪರಿಹಾರಕ್ಕೆ ಕೈ ಹಾಕಿದರೆ ಇಡೀ ದಿನ ಹೋಗುತ್ತದೆ.

ತೊಡಕಿನ ಬೇರು ಡಾಕರ್‌ನ ಹುಟ್ಟಿನಲ್ಲೇ ಇದೆ. 2013ರ ಮಾರ್ಚ್‌ನಲ್ಲಿ ಹೊರಬಂದ ಡಾಕರ್ ನಿಂತದ್ದು ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಮೇಲೆ, ಪ್ರೋಗ್ರಾಮುಗಳನ್ನು ಪ್ರತ್ಯೇಕವಾಗಿಡುವ ಅದರ ನೇಮ್‌ಸ್ಪೇಸ್, ಸಿಗ್ರೂಪ್ ಎಂಬ ಸೌಲಭ್ಯಗಳ ಮೇಲೆ. ಲಿನಕ್ಸ್ ಯಂತ್ರದಲ್ಲಿ ಕಂಟೇನರೂ ಫೋಲ್ಡರೂ ಒಂದೇ ಕರ್ನಲ್‌ನ ಸುಪರ್ದಿಯಲ್ಲಿರುತ್ತವೆ; ಮೌಂಟ್ ಎಂದರೆ ಅದೇ ಕೋಣೆಗೆ ಇನ್ನೊಂದು ಬಾಗಿಲು ಇಟ್ಟಂತೆ. ವಿಂಡೋಸ್‌ನಲ್ಲಿ ಆ ಕರ್ನಲ್ ಇಲ್ಲದ ಕಾರಣ ಒಳಗೊಂದು ಲಿನಕ್ಸ್ ವರ್ಚುವಲ್ ಮಷಿನ್, ಅಂದರೆ ಸಾಫ್ಟ್‌ವೇರ್‌ನಲ್ಲೇ ನಡೆಯುವ ಕಂಪ್ಯೂಟರ್, ಓಡಲೇಬೇಕು. (ವಿಂಡೋಸ್ ಕರ್ನಲ್ ಮೇಲೆಯೇ ನಡೆಯುವ ವಿಂಡೋಸ್ ಕಂಟೇನರುಗಳ ಕಥೆ ಬೇರೆ.) ಕಣ್ಣಿಗೆ ಕಾಣುವುದು ಒಂದೇ ಲ್ಯಾಪ್‌ಟಾಪ್. ಆದರೆ ಫೈಲ್ ಇರುವುದು ಒಂದು ಯಂತ್ರದಲ್ಲಿ, ಕಂಟೇನರ್ ಇರುವುದು ಇನ್ನೊಂದರಲ್ಲಿ.

ಮೊದಲ ದಾರಿ ವರ್ಚುವಲ್ ಮಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರಿನದು. ಅದನ್ನು ಬಳಸುತ್ತಿದ್ದ 2015ರ ಡಾಕರ್ ಟೂಲ್‌ಬಾಕ್ಸ್ ತಾನಾಗಿ ಹಂಚುತ್ತಿದ್ದುದು ಸಿ ಡ್ರೈವಿನ ಯೂಸರ್ಸ್ ಫೋಲ್ಡರನ್ನು ಮಾತ್ರ. ಪ್ರಾಜೆಕ್ಟ್ ಡಿ ಡ್ರೈವಿನಲ್ಲಿದ್ದರೆ ವರ್ಚುವಲ್ ಮಷಿನ್‌ಗೆ ಅದು ಕಾಣುತ್ತಲೇ ಇರಲಿಲ್ಲ. ಇಲ್ಲದ ಫೋಲ್ಡರನ್ನು ಕೊಟ್ಟರೆ ಡಾಕರ್ ಆಜ್ಞೆಯ 'ವಿ' (-v) ಆಯ್ಕೆ ತಕರಾರು ಮಾಡುವುದಿಲ್ಲ, ಅದೇ ಹೆಸರಿನ ಖಾಲಿ ಫೋಲ್ಡರೊಂದನ್ನು ತಾನೇ ಮಾಡಿಕೊಡುತ್ತದೆ. ಖಾಲಿ ಫೋಲ್ಡರಿನ ಒಗಟಿಗೆ ಇದು ಉತ್ತರ. 'ಮೌಂಟ್' (--mount) ಎಂಬ ಉದ್ದನೆಯ ಆಯ್ಕೆ ಬಳಸಿದರೆ ಎರರ್ ಬರುತ್ತದೆ. ನಾನು ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಫೋಲ್ಡರ್ ಸಿಗಲಿಲ್ಲ ಎಂದಾದರೂ ತಿಳಿಯುತ್ತದೆ.

2016ರ ಜುಲೈನಲ್ಲಿ ಡಾಕರ್ ಫಾರ್ ವಿಂಡೋಸ್‌ನ ಸ್ಥಿರ ಆವೃತ್ತಿ ಬಂತು. ವರ್ಚುವಲ್‌ಬಾಕ್ಸ್ ಜಾಗದಲ್ಲಿ ಮೈಕ್ರೋಸಾಫ್ಟ್‌ನ ಹೈಪರ್-ವಿ ಕೂತಿತು. ಡ್ರೈವ್ ಹಂಚಲು ಎರಡನೆಯ ದಾರಿಯಾಗಿ ಆರಿಸಿಕೊಂಡದ್ದು ಎಸ್‌ಎಂಬಿ, ಅಂದರೆ ಕಚೇರಿಯ ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದರಿಂದ ತೆರೆಯಲು ಬಳಸುವ ಅದೇ ಪ್ರೋಟೊಕಾಲ್. ಇಡೀ ಕಥೆಯಲ್ಲಿ ಅತ್ಯಂತ ಕಾಡಿದ ಅಧ್ಯಾಯ ಇದೇ ಎಂದು ನನ್ನ ಅನಿಸಿಕೆ. ಎಸ್‌ಎಂಬಿ ಬಂದ ಮೇಲೆ ನೆಟ್‌ವರ್ಕಿನ ಕಟ್ಟುಪಾಡುಗಳೆಲ್ಲ ಜೊತೆಗೆ ಬಂದವು. ಲಿನಕ್ಸ್ ಮಷಿನ್ 10.0.75.1 ವಿಳಾಸದಲ್ಲಿದ್ದ ವಿಂಡೋಸ್‌ನ 445ನೇ ಪೋರ್ಟನ್ನು (ಎಸ್‌ಎಂಬಿಯ ನೆಟ್‌ವರ್ಕ್ ಬಾಗಿಲು) ತಟ್ಟಬೇಕು, ವಿಂಡೋಸ್ ತೆರೆಯಬೇಕು. ಆಂಟಿವೈರಸ್‌ನ ಫೈರ್‌ವಾಲ್ ತಡೆದರೆ ಮುಗಿಯಿತು. ಡಾಕರ್‌ನ ವರ್ಚುವಲ್ ನೆಟ್‌ವರ್ಕನ್ನು ವಿಂಡೋಸ್ 'ಪಬ್ಲಿಕ್' ಎಂದು ಗುರುತಿಸಿಕೊಂಡರೂ ಅಷ್ಟೇ. ಅದನ್ನು 'ಪ್ರೈವೇಟ್' ಎಂದು ಬದಲಿಸಿದವರಿಗೆ ಫೋಲ್ಡರ್ ಸಿಗುತ್ತಿತ್ತು. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಹರಡಿದ್ದೂ ಎಸ್‌ಎಂಬಿಯ ಹಳೆಯ ಆವೃತ್ತಿಯ ದೋಷದಿಂದ, ಇದೇ 445ರ ಮೂಲಕ. ಆ ಪೋರ್ಟ್ ತೆರೆಯಿರಿ ಎಂದರೆ ಐಟಿ ವಿಭಾಗದವರು ಹಿಂಜರಿದದ್ದು ನ್ಯಾಯವೇ.

ಪಾಸ್‌ವರ್ಡಿನ ಸಲಹೆಯೂ ಈ ಕಾಲದ್ದೇ. ಡ್ರೈವ್ ಹಂಚುವಾಗ ಕೊಟ್ಟ ವಿಂಡೋಸ್ ಪಾಸ್‌ವರ್ಡನ್ನು ಡಾಕರ್ ನೆನಪಿಟ್ಟುಕೊಳ್ಳುತ್ತಿತ್ತು. ಕಚೇರಿಯ ನಿಯಮದಂತೆ ಅದನ್ನು ಬದಲಿಸಿದ ಮರುದಿನ ಕಂಟೇನರ್ ಒಳಗಿನ ಫೋಲ್ಡರ್ ಬರಿದಾಗುತ್ತಿತ್ತು. ಅಜ್ಯೂರ್ ಎಡಿ (ಮೈಕ್ರೋಸಾಫ್ಟ್‌ನ ಕ್ಲೌಡ್ ಲಾಗಿನ್ ಸೇವೆ) ಖಾತೆಯವರು ಹಂಚಿಕೆಗೆಂದೇ ಬೇರೊಂದು ಲೋಕಲ್ ಖಾತೆ ತೆರೆಯಬೇಕಾಗಿತ್ತು. ಇನ್ನು ಹಂಚಿಕೆ ಕೂಡಿಬಂದ ಮೇಲೆ ಪರ್ಮಿಶನ್ ಗೋಳು: ಎಲ್ಲ ಫೈಲುಗಳೂ 755ರಂಥ (ಯಾರು ಬೇಕಾದರೂ ಓದಬಹುದು ಎನ್ನುವ) ಒಂದೇ ಅನುಮತಿಯಲ್ಲಿ ಕಾಣುತ್ತಿದ್ದವು, ಬದಲಿಸಿದರೂ ಬದಲಾಗುತ್ತಿರಲಿಲ್ಲ. ತನ್ನ ಡೇಟಾ ಫೋಲ್ಡರ್ 700 (ಮಾಲೀಕನಿಗೆ ಮಾತ್ರ) ಆಗಿರಲೇಬೇಕು ಎನ್ನುತ್ತಿದ್ದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಅದಕ್ಕೆ ಒಪ್ಪದೆ ನಿಲ್ಲುತ್ತಿತ್ತು. ಡೇಟಾಬೇಸನ್ನು ವಿಂಡೋಸ್ ಫೋಲ್ಡರಿನಲ್ಲಿ ಇಡಬೇಡಿ, ಡಾಕರ್ ತಾನೇ ಲಿನಕ್ಸ್ ಕಡೆ ನೋಡಿಕೊಳ್ಳುವ, ಹೆಸರಿಟ್ಟ ವಾಲ್ಯೂಮ್‌ನಲ್ಲಿ ಇಡಿ ಎಂಬ ಬುದ್ಧಿಮಾತು ಇಂದಿಗೂ ಸರಿ.

ಡಾಕರ್ ಡೆಸ್ಕ್‌ಟಾಪ್‌ನ (ಡಾಕರ್ ಫಾರ್ ವಿಂಡೋಸ್‌ನ ಹೊಸ ಹೆಸರು) 2020ರ ಜನವರಿಯ 2.2 ಆವೃತ್ತಿ ಎಸ್‌ಎಂಬಿಯನ್ನೇ ಕೈಬಿಟ್ಟು ಜಿಆರ್‌ಪಿಸಿ ಫ್ಯೂಸ್ ಎಂಬ ಮೂರನೆಯ ದಾರಿ ಹಿಡಿಯಿತು. ಪಾಸ್‌ವರ್ಡ್, 445 ಎರಡರ ಕಾಟವೂ ತಪ್ಪಿತು. ಇಂದಿನ ಡಾಕರ್ ಡೆಸ್ಕ್‌ಟಾಪ್‌ನಲ್ಲಿ ಯಾರಾದರೂ ಫೈರ್‌ವಾಲ್ ಆಫ್ ಮಾಡಿ ಎಂದರೆ ದಯವಿಟ್ಟು ಮಾಡಬೇಡಿ. ಫೋಲ್ಡರ್ ಹಂಚಿಕೆಗೆ ಅದರ ಅಗತ್ಯವಿಲ್ಲ.

ಅದೇ ವರ್ಷದ ಮೇ ತಿಂಗಳಲ್ಲಿ ವಿಂಡೋಸ್ 10ರ 2004 ಆವೃತ್ತಿಯೊಂದಿಗೆ, ವಿಂಡೋಸ್ ಒಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2 ಬಂತು; ಇದೇ ನಾಲ್ಕನೆಯ ದಾರಿ. ಅದರಲ್ಲಿರುವುದು ನಿಜವಾದ ಲಿನಕ್ಸ್ ಕರ್ನಲ್. ಸಿ ಡ್ರೈವ್ ಲಿನಕ್ಸ್ ಕಡೆಗೆ ಕಾಣುವುದು 9ಪಿ ಎಂಬ ಪ್ರೋಟೊಕಾಲ್ ಮೂಲಕ; ಇದು ಬೆಲ್ ಲ್ಯಾಬ್ಸ್‌ನಲ್ಲಿ ಪ್ಲ್ಯಾನ್ 9 ಎಂಬ ಆಪರೇಟಿಂಗ್ ಸಿಸ್ಟಂಗಾಗಿ ರೂಪುಗೊಂಡದ್ದು. ಈಗ ಫೋಲ್ಡರ್ ಸಿಗುತ್ತದೆ, ಆದರೆ ನಿಧಾನ. ಸಾವಿರಾರು ಸಣ್ಣ ಫೈಲುಗಳಿರುವ ನೋಡ್ (ಜಾವಾಸ್ಕ್ರಿಪ್ಟ್) ಪ್ರಾಜೆಕ್ಟಿನಲ್ಲಿ ಪ್ರತಿ ಫೈಲಿಗೂ ಗಡಿ ದಾಟಿ ಬರಬೇಕು. ವಿಂಡೋಸ್ ಕಡೆ ಫೈಲ್ ಸೇವ್ ಮಾಡಿದರೆ ಕಂಟೇನರಿಗೆ ಬದಲಾವಣೆಯ ಸುದ್ದಿಯೂ ತಲುಪುವುದಿಲ್ಲ. ಆ ಸುದ್ದಿ ಕೊಡುವ ಲಿನಕ್ಸ್‌ನ ಐನೋಟಿಫೈ ಸೂಚನೆ ಬೇಕಾದರೆ ಫೈಲ್ ಲಿನಕ್ಸ್ ಕಡೆಯಲ್ಲೇ ಇರಬೇಕು. ಹಾಗಾಗಿ ಕೋಡನ್ನು ಡಬ್ಲ್ಯುಎಸ್‌ಎಲ್‌ನ ಹೋಮ್ ಫೋಲ್ಡರಿಗೆ ಕ್ಲೋನ್ ಮಾಡಿ, ಎಡಿಟರನ್ನು ಅಲ್ಲಿಗೆ ಜೋಡಿಸಿಕೊಳ್ಳಿ. ಎರಡು ತೊಂದರೆಗಳೂ ಒಟ್ಟಿಗೆ ಹೋಗುತ್ತವೆ.

ನಿಮ್ಮದು ಯಾವ ದಾರಿ ಎಂದು ತಿಳಿಯಲು ಡಾಕರ್ ಡೆಸ್ಕ್‌ಟಾಪ್‌ನ ಸೆಟ್ಟಿಂಗ್ಸ್ ತೆರೆದು ನೋಡಿ. ಫೈಲ್ ಶೇರಿಂಗ್ ಪುಟ ಇರುವುದು ಹೈಪರ್-ವಿ ಬಳಸುತ್ತಿದ್ದರೆ ಮಾತ್ರ. ಡಬ್ಲ್ಯುಎಸ್‌ಎಲ್ 2 ಆಗಿದ್ದರೆ ಅದು ಅಲ್ಲಿ ಇರುವುದೇ ಇಲ್ಲ, ಹುಡುಕಿ ದಣಿಯಬೇಡಿ.

ದಾರಿ ಸರಿಯಿದ್ದೂ ಕಂಟೇನರ್ ಏಳದೆ, ಕಣ್ಣೆದುರಿಗಿರುವ ಸ್ಕ್ರಿಪ್ಟನ್ನೇ 'ಅಂಥ ಫೈಲ್ ಇಲ್ಲ' ಎಂದರೆ, ಅದರ ಸಾಲಿನ ಕೊನೆಗಳನ್ನು ನೋಡಿ. ಕೋಡಿನ ಆವೃತ್ತಿಗಳನ್ನು ಕಾಯುವ ಗಿಟ್ ಅವನ್ನು ವಿಂಡೋಸ್ ಶೈಲಿಯ ಸಿಆರ್‌ಎಲ್‌ಎಫ್ (ಸಾಲಿನ ಕೊನೆಗೆ ಕಾಣದ ಎರಡು ಅಕ್ಷರ) ಮಾಡಿರಬಹುದು. ಮೊದಲ ಸಾಲಿನಲ್ಲಿರುವ ಶೆಲ್‌ನ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಮ್) ಹೆಸರಿಗೆ ಕಾಣದ ಅಕ್ಷರವೊಂದು ಅಂಟಿಕೊಂಡು, ಲಿನಕ್ಸ್ ಆ ಹೆಸರಿನ ಶೆಲ್ಲನ್ನು ಹುಡುಕುತ್ತದೆ. ಶೆಲ್ ಸ್ಕ್ರಿಪ್ಟುಗಳಿಗೆ ಲಿನಕ್ಸ್ ಶೈಲಿಯ ಎಲ್‌ಎಫ್ ಮಾತ್ರ ಎಂದು ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಒಂದು ಸಾಲು ಬರೆದು, ಸ್ಕ್ರಿಪ್ಟನ್ನು ಮತ್ತೆ ಚೆಕ್‌ಔಟ್ ಮಾಡಿಕೊಳ್ಳಿ.